ಮೂರು ದಾರಿಗಳ ಮುಂದೆ ನಿಂತಾಗ

ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಕಾಯಿಲೆಗಳು ಕೆಲವುಂಟು. ಜ್ವರ ಬಂದರೆ ನೆರೆಮನೆಗೂ ತಿಳಿಯುತ್ತದೆ. ಕಾಲು ಉಳುಕಿದರೆ ಊರಿಗೇ ಸುದ್ದಿಯಾಗುತ್ತದೆ. ಆದರೆ ಮೂತ್ರದ ತೊಂದರೆಯನ್ನು ಗಂಡಸರು ಹೆಂಡತಿಗೂ ತಿಳಿಸದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಆರೋಗ್ಯದ ಪಾಠ ಹೇಳಿದ ನಾವೂ ಹಾಗೆಯೇ ಇದ್ದೆವೆಂಬುದನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಆರಂಭಿಸುವುದು ಸರಿಯಲ್ಲ.

ಎರಡು ವರ್ಷಗಳ ಹಿಂದೆ, ನಮಗೆ ಐವತ್ತಮೂರು ನಡೆಯುತ್ತಿದ್ದಾಗ, ರಾತ್ರಿ ಮೂರು ಮೂರು ಸಲ ಏಳಬೇಕಾಗುತ್ತಿತ್ತು. ಮನೆಯಾಕೆಯ ಒತ್ತಾಯಕ್ಕೆ ಮಣಿದು, ಕಾಸರಗೋಡಿನ ಗಡಿಹಳ್ಳಿಗಳ ನಮ್ಮವರು ದೊಡ್ಡ ಕಾಯಿಲೆಗಳಿಗೆಲ್ಲ ಹೋಗುವಂತೆ, ಮಂಗಳೂರಿಗೆ ಹೋದೆವು. ಪರೀಕ್ಷೆಗಳಾದ ಮೇಲೆ ತಿಳಿದುದು ಇಷ್ಟು: ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಆದರೆ ಆರಂಭದ ಹಂತದಲ್ಲಿದೆ. ನಮ್ಮ ಸುದ್ದಿ ಕೇಳಿ ತಾವೂ ಪರೀಕ್ಷೆ ಮಾಡಿಸಿಕೊಂಡ ಅಕ್ಕನ ಯಜಮಾನರಿಗೆ, ಅಂದರೆ ನಮ್ಮ ಭಾವನಿಗೆ, ಅದೇ ಕಾಯಿಲೆ ಇರುವುದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. ಒಂದೇ ಕುಟುಂಬ, ಒಂದೇ ಕಾಯಿಲೆ. ಆದರೆ ನಾವು ಹಿಡಿದ ದಾರಿಗಳು ಬೇರೆ ಬೇರೆ. ಎರಡೂ ಸರಿಯೇ ಎಂಬುದು ಹೇಗೆ ಸಾಧ್ಯವೆಂದು ತಿಳಿಸುವುದೇ ಈ ಬರಹದ ಉದ್ದೇಶ.

ಹೆಸರಿಲ್ಲದ ಗ್ರಂಥಿ

ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದು ಈ ಗ್ರಂಥಿ ಇದೆ. ಗಾತ್ರದಲ್ಲಿ ಅದು ನಮ್ಮ ತೋಟದ ಸಿಪ್ಪೆಸಹಿತವಾದ ಅಡಕೆಯಷ್ಟು. ವೀರ್ಯದಲ್ಲಿನ ದ್ರವದ ಒಂದಂಶವನ್ನು ಒದಗಿಸುವುದು ಅದರ ಕೆಲಸ. ಗ್ರೀಕ್ ಭಾಷೆಯಿಂದ ಬಂದ ಅದರ ಹೆಸರಿಗೆ 'ಮುಂದೆ ನಿಂತವನು' ಎಂದು ಅರ್ಥ. ಅಡಕೆಯ ಒಂದೊಂದು ಹಂತಕ್ಕೂ ಒಂದೊಂದು ಹೆಸರಿರುವ ನಮ್ಮ ಮನೆಮಾತಿನಲ್ಲಿ ಈ ಗ್ರಂಥಿಗೆ ಹೆಸರೇ ಇಲ್ಲ. ಹೆಸರಿಲ್ಲದುದರ ಬಗ್ಗೆ ಮಾತನಾಡುವುದು ಕಷ್ಟವೆಂಬುದನ್ನು ನಾವು ಅನುಭವದಿಂದ ಕಂಡೆವು.

ವಯಸ್ಸಾದಂತೆ ಈ ಗ್ರಂಥಿ ಬೆಳೆದು ಮೂತ್ರನಾಳವನ್ನು ಒತ್ತುವುದು ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ. ನಮ್ಮನ್ನು ರಾತ್ರಿ ಎಬ್ಬಿಸುತ್ತಿದ್ದುದೂ ಈ ಬೆಳವಣಿಗೆಯೇ. ಆರಂಭದ ಕ್ಯಾನ್ಸರ್ ಸಾಧಾರಣವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯಿಂದ ಸಂಶಯ ಹುಟ್ಟುತ್ತದೆ. ಆದರೆ ಗ್ರಂಥಿ ಬೆಳೆದರೂ, ಸೋಂಕು ತಗಲಿದರೂ ಆ ಅಂಕಿ ಏರುತ್ತದೆ. ಆದುದರಿಂದ ಎಂ.ಆರ್.ಐ. ಚಿತ್ರ ತೆಗೆದು, ಸೂಜಿಯಿಂದ ಗ್ರಂಥಿಯ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಷ್ಟೇ ನಿರ್ಣಯ.

ಆ ಚೂರುಗಳಿಗೆ ವೈದ್ಯರು ಅಂಕ ಕೊಡುತ್ತಾರೆ. 1966ರಲ್ಲಿ ಅಮೆರಿಕದ ಡೊನಾಲ್ಡ್ ಗ್ಲೀಸನ್ ರೂಪಿಸಿದ ಕ್ರಮವಿದು. ಈಗ ಬಳಕೆಯಲ್ಲಿರುವುದು 6ರಿಂದ 10ರ ವರೆಗಿನ ಅಂಕಗಳು. ಶಾಲೆಯ ಲೆಕ್ಕಕ್ಕೆ ಇದು ತೀರ ವಿರುದ್ಧ. ಇಲ್ಲಿ ಕಡಿಮೆ ಅಂಕ ಪಡೆದವನೇ ಭಾಗ್ಯವಂತ. ಅರುವತ್ತೊಂಬತ್ತರ ಭಾವನಿಗೆ ಬಂದುದು 6. ನಮಗೆ ಮೂರೂ ನಾಲ್ಕೂ ಸೇರಿ 7.

ಮೂರು ದಾರಿಗಳು

ಕಾಯಿಲೆ ಗ್ರಂಥಿಯೊಳಗೇ ಇರುವಾಗ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ನಿಗಾ ಇಡುವುದು: ಕೂಡಲೇ ಚಿಕಿತ್ಸೆ ಮಾಡದೆ, ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಕಾಲಕಾಲಕ್ಕೆ ಎಂ.ಆರ್.ಐ. ಮತ್ತು ಸೂಜಿಪರೀಕ್ಷೆ ಮಾಡಿಸುತ್ತಿದ್ದು, ಕಾಯಿಲೆ ಮುಂದುವರಿಯುವ ಸೂಚನೆ ಕಂಡರೆ ಚಿಕಿತ್ಸೆಗೆ ಹೊರಡುವುದು. ಎರಡನೆಯದು ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನೇ ತೆಗೆಯುವುದು. ಮೂರನೆಯದು ವಿಕಿರಣ ಚಿಕಿತ್ಸೆ. ಸಾಮಾನ್ಯವಾಗಿ ನಾಲ್ಕು ವಾರಗಳಲ್ಲಿ 20 ಸಲ ಕೊಡುತ್ತಾರೆ, ಆಯ್ದ ಕೆಲವರಿಗೆ ಐದೇ ಸಲದಲ್ಲಿ ಮುಗಿಸುವ ಕ್ರಮವೂ ಬಂದಿದೆ. ಕೆಲವರಿಗೆ ಜೊತೆಯಲ್ಲಿ ಹಾರ್ಮೋನಿನ ಚುಚ್ಚುಮದ್ದೂ ಬೇಕಾಗುತ್ತದೆ.

ಈ ಮೂರರಲ್ಲಿ ಪ್ರಾಣ ಉಳಿಸುವುದು ಯಾವುದು? ನಾವು ವೈದ್ಯರನ್ನು ಮೊದಲು ಕೇಳಿದ ಪ್ರಶ್ನೆ ಇದೇ. ಉತ್ತರವಾಗಿ ಅವರು ಬ್ರಿಟನ್ನಿನ 'ಪ್ರೊಟೆಕ್ಟ್' ಎಂಬ ಅಧ್ಯಯನವನ್ನು ವಿವರಿಸಿದರು. 1999ರಿಂದ 2009ರ ವರೆಗೆ ಅಲ್ಲಿ 50ರಿಂದ 69 ವಯಸ್ಸಿನ 82 ಸಾವಿರಕ್ಕೂ ಮಿಕ್ಕಿದ ಪುರುಷರ ರಕ್ತಪರೀಕ್ಷೆ ನಡೆಯಿತು. ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದವರ ಪೈಕಿ ಒಪ್ಪಿಗೆ ಕೊಟ್ಟ 1,643 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ದಾರಿಗಳಿಗೆ ಹಂಚಲಾಯಿತು. ಹದಿನೈದು ವರ್ಷಗಳ ಫಲ 2023ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯಿಂದ ತೀರಿಕೊಂಡವರು ನಿಗಾದ ಗುಂಪಿನಲ್ಲಿ ನೂರಕ್ಕೆ 3.1, ಶಸ್ತ್ರಚಿಕಿತ್ಸೆಯಲ್ಲಿ 2.2, ವಿಕಿರಣದಲ್ಲಿ 2.9. ಅಂದರೆ ಎಲ್ಲ ಗುಂಪುಗಳಲ್ಲಿಯೂ ನೂರರಲ್ಲಿ ಸುಮಾರು ತೊಂಬತ್ತೇಳು ಮಂದಿಯನ್ನು ಈ ಕಾಯಿಲೆ ಕೊಂಡೊಯ್ದಿರಲಿಲ್ಲ.

ಹಾಗೆಂದು ಮೂರೂ ಎಲ್ಲ ವಿಧದಲ್ಲಿ ಸಮವೆಂದಲ್ಲ. ಕಾಯಿಲೆ ದೇಹದ ಬೇರೆಡೆಗೆ ಹರಡಿದುದು ನಿಗಾದ ಗುಂಪಿನಲ್ಲಿ ನೂರಕ್ಕೆ 9.4, ಉಳಿದೆರಡರಲ್ಲಿ ಸುಮಾರು 5. ನಿಗಾದಲ್ಲಿದ್ದ ಹೆಚ್ಚಿನವರಿಗೆ ಮುಂದೆ ಎಂದಾದರೊಮ್ಮೆ ಚಿಕಿತ್ಸೆ ಬೇಕಾಯಿತು. ಆದರೂ ಸುಮಾರು ಕಾಲುಭಾಗ ಮಂದಿ ಹದಿನೈದು ವರ್ಷಗಳ ಕೊನೆಗೂ ಯಾವ ಚಿಕಿತ್ಸೆಯೂ ಇಲ್ಲದೆ ಜೀವಂತವಾಗಿದ್ದರು. ಅವರಲ್ಲಿ ಬಹುಪಾಲು ಜನರ ಕಾಯಿಲೆ ಸೌಮ್ಯವಾದುದಾಗಿತ್ತು ಎಂಬುದನ್ನೂ ಮರೆಯಬಾರದು. 8, 9ರ ಅಂಕ ಬಂದವರು ಈ ಲೆಕ್ಕವನ್ನು ನಂಬಿ ಸುಮ್ಮನೆ ಕೂರುವಂತಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆ

ಪ್ರಾಣದ ತಟ್ಟೆ ಹೆಚ್ಚುಕಡಿಮೆ ಸಮವಾಗಿ ನಿಂತರೆ, ತೂಗಬೇಕಾದುದು ಬದುಕಿನ ತಟ್ಟೆಯನ್ನು. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ ಆರು ತಿಂಗಳಿಗೆ ನೂರರಲ್ಲಿ 46 ಮಂದಿ ಮೂತ್ರ ಸೋರುವುದಕ್ಕಾಗಿ ಪ್ಯಾಡ್ ಇಟ್ಟುಕೊಳ್ಳುತ್ತಿದ್ದರು; ಆರು ವರ್ಷಗಳಾಗುವಾಗ ಅದು 17ಕ್ಕೆ ಇಳಿದಿತ್ತು. ವಿಕಿರಣದವರಲ್ಲಿ ಆ ತೊಂದರೆ ಬಹಳ ಕಡಿಮೆ. ಆದರೆ ಕರುಳಿನ ತೊಂದರೆ, ಮಲದಲ್ಲಿ ರಕ್ತ ಕಾಣಿಸಿಕೊಳ್ಳುವುದು ಹೆಚ್ಚು. ದಾಂಪತ್ಯಕ್ಕೆ ತಕ್ಕಷ್ಟು ಪುರುಷಶಕ್ತಿ ಮೊದಲು ನೂರರಲ್ಲಿ 67 ಮಂದಿಗೆ ಇದ್ದರೆ, ಆರು ತಿಂಗಳ ಮೇಲೆ ನಿಗಾದವರಲ್ಲಿ 52, ವಿಕಿರಣದವರಲ್ಲಿ 22, ಶಸ್ತ್ರಚಿಕಿತ್ಸೆಯವರಲ್ಲಿ 12 ಮಂದಿಗೆ ಉಳಿದಿತ್ತು. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಎಂಬ ಶಸ್ತ್ರವೈದ್ಯರು ಗ್ರಂಥಿಯ ಅಂಚಿನ ನರಗಳನ್ನು ಉಳಿಸುವ ವಿಧಾನವನ್ನು ತೋರಿಸಿಕೊಟ್ಟ ಮೇಲೆ ಎಷ್ಟೋ ಸುಧಾರಣೆಯಾಗಿದೆ. ಆದರೂ ನರಗಳು ಚೇತರಿಸಿಕೊಳ್ಳಲು ಎರಡು ವರ್ಷಗಳೂ ಹಿಡಿಯಬಹುದು.

ಈ ಅಂಕಿಗಳನ್ನು ಕಾಗದದಲ್ಲಿ ಬರೆದು ಮನೆಯಾಕೆಯ ಮುಂದಿಡಲು ನಮಗೆ ನಾಲ್ಕು ದಿನ ಬೇಕಾಯಿತು. ಆಕೆ ಪೂರ್ತಿ ಓದಿ ಹೇಳಿದ ಮಾತು ಇಂದಿಗೂ ನೆನಪಿದೆ: "ಯಾವುದು ಬೇಗ ಮುಗಿಯುತ್ತದೆಂದು ನೋಡಬೇಡಿ. ಆಮೇಲೆ ಯಾವುದನ್ನು ನಿಮ್ಮಿಂದ ಸಹಿಸಲಾಗುತ್ತದೆಂದು ನೋಡಿ."

ನಮ್ಮ ಅಂಕ 7, ವಯಸ್ಸು ಇನ್ನೂ ಇದೆ, ಮುಂದೆ ಕಾಯಿಲೆ ಮರಳಿದರೆ ವಿಕಿರಣದ ದಾರಿ ತೆರೆದಿರುತ್ತದೆ. ಮೊದಲು ವಿಕಿರಣವಾದರೆ ಆಮೇಲಿನ ಶಸ್ತ್ರಚಿಕಿತ್ಸೆ ಕಠಿಣ. ಹೀಗೆ ಯೋಚಿಸಿ, ವಿಕಿರಣ ತಜ್ಞರನ್ನೂ ಒಮ್ಮೆ ಕಂಡು, ಶಸ್ತ್ರಚಿಕಿತ್ಸೆಗೆ ಒಪ್ಪಿದೆವು. ಭಾವ ನಿಗಾವನ್ನು ಆರಿಸಿಕೊಂಡರು. "ಹಾವನ್ನು ಹಿತ್ತಿಲಲ್ಲಿ ಇಟ್ಟುಕೊಂಡು ನಿದ್ದೆ ಬರುವುದು ಹೇಗೆ?" ಎಂದು ಅಕ್ಕ ಅತ್ತಾಗ ಭಾವ ನಮ್ಮ ಕಡೆ ತಿರುಗಿ, "ಮಾಷ್ಟ್ರೇ, ಹಾವು ಈಗ ಬನದಲ್ಲಿದೆ. ಅಂಗಳಕ್ಕೆ ಬಂದರೆ ಆಗ ನೋಡುವ" ಎಂದರು. ಈವರೆಗೆ ಅಂಗಳಕ್ಕೆ ಬಂದಿಲ್ಲ. ಆದರೆ ಆರಾರು ತಿಂಗಳ ಪರೀಕ್ಷೆಯನ್ನು ಅವರು ಒಮ್ಮೆಯೂ ತಪ್ಪಿಸಿಲ್ಲ. ನಿಗಾ ಎಂದರೆ ಮರೆತುಬಿಡುವುದಲ್ಲ.

ಚೇತರಿಕೆಯ ದಿನಗಳು

ಶಸ್ತ್ರಚಿಕಿತ್ಸೆಯ ಬಳಿಕ ಹತ್ತು ದಿನ ಮೂತ್ರಕ್ಕೆ ನಳಿಗೆ ಇತ್ತು. ಅದನ್ನು ತೆಗೆದ ದಿನವೇ ಸೋರಿಕೆ ಆರಂಭವಾಯಿತು. ಪರಿಚಯದ ಅಂಗಡಿಯಲ್ಲಿ ಪ್ಯಾಡ್ ಕೇಳಲು ನಾಚಿ ಮಂಗಳೂರಿನಿಂದ ತರಿಸಿದೆವು. ಆರು ವಾರ ಭಾರ ಎತ್ತಲಿಲ್ಲ. ಮಲಬದ್ಧತೆಯಾಗದಂತೆ ಸೊಪ್ಪು, ತರಕಾರಿ, ನೀರು ಹೆಚ್ಚಿಸಿದೆವು. ಎರಡು ತಿಂಗಳ ಮೇಲೆ ಶಾಲೆಗೆ ಮರಳಿದ ವಾರ, ಬೆಳಗಿನ ಪ್ರಾರ್ಥನೆಯ ವೇಳೆ ಕೆಮ್ಮು ಬಂದು ಬಿಳಿ ಪಂಚೆ ಒದ್ದೆಯಾಯಿತು. ಮಕ್ಕಳೆಲ್ಲ ತರಗತಿಗೆ ಹೋಗುವವರೆಗೆ ಮೇಜಿನ ಹಿಂದೆ ನಿಂತೇ ಇದ್ದೆವು. ಆ ಕಾಲುಗಂಟೆಯಲ್ಲಿ, ತಪ್ಪು ದಾರಿ ಹಿಡಿದೆವೇನೋ ಎಂದೂ ಅನಿಸಿತು.

ನಮ್ಮನ್ನು ಎತ್ತಿ ನಿಲ್ಲಿಸಿದುದು ಸರಳವಾದ ಒಂದು ವ್ಯಾಯಾಮ. ಮೂತ್ರವನ್ನು ತಡೆದುಕೊಳ್ಳುವಾಗ ಬಿಗಿಯುವ ಸ್ನಾಯುಗಳನ್ನು ಐದೆಣಿಸುವಷ್ಟು ಹೊತ್ತು ಬಿಗಿಹಿಡಿದು ಸಡಿಲಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ನಳಿಗೆ ಇರುವಾಗ ಮಾಡಬಾರದು. ಹಾಜರಿ ಕರೆಯುವಾಗ ನಾವು ಇದನ್ನು ಮಾಡುತ್ತಿದ್ದೆವು, ಯಾರಿಗೂ ತಿಳಿಯಲಿಲ್ಲ. ಒಂಬತ್ತನೆಯ ತಿಂಗಳಿಗೆ ಪ್ಯಾಡಿನ ಅಗತ್ಯ ತಪ್ಪಿತು. ದಾಂಪತ್ಯದ ಇನ್ನೊಂದು ಭಾಗ ಪೂರ್ತಿ ಮರಳಿಲ್ಲ. ಅದಕ್ಕೂ ಮದ್ದುಂಟೆಂದು ವೈದ್ಯರು ಹೇಳಿದ್ದಾರೆ, ಕೇಳಲು ನಾಚುವುದನ್ನು ಬಿಟ್ಟಿದ್ದೇವೆ. ಪಿ.ಎಸ್.ಎ. ಈಗ ಅಳತೆಗೆ ಸಿಗದಷ್ಟು ಕೆಳಗಿದೆ.

ಗಡಿಯವರಾದ ನಮಗೆ ಇನ್ನೊಂದು ಎಚ್ಚರವೂ ಬೇಕು. 2020ರ ಮಾರ್ಚಿನಲ್ಲಿ ಕೊರೋನಾದ ಕಾರಣ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡನ್ನು ಮರೆಯಲಾಗದು. ಯಾವ ದಾರಿ ಹಿಡಿದರೂ ವರ್ಷಗಟ್ಟಲೆ ಪರೀಕ್ಷೆಗೆ ಹೋಗುತ್ತಿರಬೇಕು. ಆದುದರಿಂದ ಎಲ್ಲ ವರದಿಗಳ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರದಂತಹ ಈಚೆ ಕಡೆಯ ಆಸ್ಪತ್ರೆಯೊಂದರ ಪರಿಚಯವೂ ಇರಲಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ನಮ್ಮ ಹಿರಿಯರ ಮಾತು. ಆರಂಭದ ಹಂತದಲ್ಲಿ ಸಿಕ್ಕಿದ ಈ ಕಾಯಿಲೆ ಸಾಮಾನ್ಯವಾಗಿ ಕೆಲವು ವಾರ ಯೋಚಿಸಲು ಬಿಡುವು ಕೊಡುತ್ತದೆ. ಆ ಬಿಡುವನ್ನು ಒಬ್ಬರೇ ಕತ್ತಲಲ್ಲಿ ಕುಳಿತು ಕಳೆಯಬೇಡಿ. ಶಸ್ತ್ರವೈದ್ಯರನ್ನೂ ವಿಕಿರಣ ತಜ್ಞರನ್ನೂ ಕಾಣಿರಿ; ನಿಮ್ಮ ಅಂಕವೆಷ್ಟು, ಕಾದರೆ ಏನು, ಯಾವುದರಿಂದ ಏನು ಕಳೆಯುತ್ತದೆ ಎಂದು ಬರೆದುಕೊಂಡು ಕೇಳಿರಿ. ಮನೆಗೆ ಬಂದು ಆ ಕಾಗದವನ್ನು ಮನೆಯಾಕೆಯ ಮುಂದಿಡಿರಿ. ನಾವು ನಾಲ್ಕು ದಿನ ತಡಮಾಡಿದೆವು. ನೀವು ಅಂದೇ ಸಂಜೆ ಇಟ್ಟುಬಿಡಿ.