ಬರಗಾಲವೂ ಅದರ ಲೆಕ್ಕಾಚಾರವೂ

ಮಳೆ ಬಂದಿತೋ ಇಲ್ಲವೋ ಎಂಬುದನ್ನು ತಿಳಿಯಲು ಅಂಗಳಕ್ಕೆ ಇಳಿದರೆ ಸಾಕು. ಬರ ಬಂದಿತೋ ಇಲ್ಲವೋ ಎಂಬುದನ್ನು ತಿಳಿಯುವುದು ಅಷ್ಟು ಸುಲಭವಲ್ಲ. ನೆರೆಗೆ ಉಕ್ಕಿದ ದಿನವೊಂದುಂಟು, ಭೂಕಂಪಕ್ಕಂತೂ ಕ್ಷಣದ ಲೆಕ್ಕವೇ ಉಂಟು, ಬರಕ್ಕೆ ಜನ್ಮದಿನವಿಲ್ಲ. ಇಂದು ಬಾರದ ಮಳೆ, ನಾಳೆಯೂ ಬಾರದ ಮಳೆ, ಹೀಗೆ ಹಲವು ‘ಇಲ್ಲ’ಗಳು ಕೂಡಿ ಆದ ಮೊತ್ತವೇ ಅದು. ಆದುದರಿಂದ ಯಾರಾದರೊಬ್ಬರು ಒಂದು ದಿನ ‘ಇದು ಬರ’ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳಿದ ಮರುಕ್ಷಣವೇ ಬೊಕ್ಕಸದ ಬಾಗಿಲು ತೆರೆಯಬೇಕು. ದನಗಳಿಗೆ ಮೇವು, ಊರಿಗೆ ಕುಡಿಯುವ ನೀರು, ದುಡಿಯುವ ಕೈಗಳಿಗೆ ಕೆಲಸ ಒದಗಬೇಕು. ಆ ಒಂದು ಮಾತು ಗಂಟಲಿನಲ್ಲಿಯೇ ಸಿಕ್ಕಿಕೊಳ್ಳಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ?

ಕಲಬುರಗಿ ನಗರದಿಂದ ಹುಮನಾಬಾದಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಮೊದಲು ಕಾಣುವುದು ಕರಿಯ ಎರೆಭೂಮಿ. ಇದು ಮಳೆಯ ನೀರನ್ನು ಹೀರಿ, ವಾರಗಟ್ಟಲೆ ತನ್ನಲ್ಲಿ ಹಿಡಿದಿಡಬಲ್ಲ ಮಣ್ಣು. ಈ ಸೀಮೆಯ ತೊಗರಿಯೆಲ್ಲ ಇದರ ಕೃಪೆ. ಕಮಲಾಪುರ ಸಮೀಪಿಸಿದಂತೆ ನೆಲದ ಬಣ್ಣ ಕೆಂಪಾಗುತ್ತದೆ. ಅಲ್ಲಿಯ ಹೆಸರಾಂತ ಕೆಂಪು ಬಾಳೆ ಬೆಳೆಯುವುದು ಈ ಕೆಮ್ಮಣ್ಣಿನಲ್ಲಿ. ನೀರು ಇದರಲ್ಲಿ ಬಹುಕಾಲ ನಿಲ್ಲುವುದಿಲ್ಲ. ಮೂರು ವಾರ ಮಳೆ ತಪ್ಪಿತೆನ್ನಿ. ಎರೆಯ ಹೊಲ ಹಸಿರಾಗಿಯೇ ಇರಬಹುದು, ಕೆಮ್ಮಣ್ಣಿನ ಹೊಲ ಬಾಡಿರಬಹುದು. ಇವೆರಡರಲ್ಲಿ ಯಾವುದನ್ನು ಕಂಡು ತೀರ್ಪು ಕೊಡತಕ್ಕದ್ದು?

2018ರವರೆಗೆ ಕಮಲಾಪುರವು ಕಲಬುರಗಿ ತಾಲ್ಲೂಕಿಗೇ ಸೇರಿತ್ತು. ಬರವನ್ನು ಘೋಷಿಸುವುದು ಸಾಮಾನ್ಯವಾಗಿ ತಾಲ್ಲೂಕನ್ನು ಘಟಕವಾಗಿಟ್ಟುಕೊಂಡು. ಇಲ್ಲಿ ವಿದ್ಯಾರ್ಥಿಗಳು ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡಬಹುದು. ವಾಡಿಕೆಯ ಮಳೆ ಸಮಾನವಾಗಿರುವ ಎರಡು ಹೋಬಳಿಗಳಿವೆ ಎಂದು ಊಹಿಸಿಕೊಳ್ಳಿ. ಒಂದರಲ್ಲಿ ವಾಡಿಕೆಗಿಂತ ನೂರಕ್ಕೆ 40ರಷ್ಟು ಕಡಮೆ, ಇನ್ನೊಂದರಲ್ಲಿ ನೂರಕ್ಕೆ 10ರಷ್ಟು ಹೆಚ್ಚು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಕೊರತೆ 15ಕ್ಕೆ ಇಳಿಯುತ್ತದೆ. ಹವಾಮಾನ ಇಲಾಖೆಯ ಕೋಷ್ಟಕದಲ್ಲಿ 19ರವರೆಗಿನ ಕೊರತೆ ‘ಸಾಮಾನ್ಯ’ ಮಳೆ. ಒಣಗಿದ ಹೋಬಳಿ ಹಾಗೆಯೇ ಒಣಗಿರುತ್ತದೆ. ಕಾಗದದ ಮೇಲೆ ಮಾತ್ರ ಹಸಿರಾಗುತ್ತದೆ. ಸರಾಸರಿ ಸುಳ್ಳು ಹೇಳಿತೆನ್ನುವಂತಿಲ್ಲ; ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿದೆ. ಪ್ರಶ್ನೆಯ ಎಲ್ಲೆಯನ್ನು ಎಳೆದವರು ಮನುಷ್ಯರು.

ಹಿಂದಿನವರು ಈ ತೊಡಕನ್ನು ಒಂದು ಒರಟು ಉಪಾಯದಿಂದ ಬಗೆಹರಿಸಿದ್ದರು. 1876–78ರ ಘೋರ ಕ್ಷಾಮದ ತರುವಾಯ ಬ್ರಿಟಿಷ್ ಇಂಡಿಯದಲ್ಲಿ ಕ್ಷಾಮ ಆಯೋಗವು 1880ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಕ್ಷಾಮಸಂಹಿತೆಗಳು ಹುಟ್ಟಿದವು. ಅವುಗಳಲ್ಲಿ ‘ಪರೀಕ್ಷಾ ಕಾಮಗಾರಿ’ ಎಂಬುದೊಂದು ವಿಧಾನ. ಬರದ ಸಂದೇಹ ಬಂದ ಕಡೆ ಕಲ್ಲು ಒಡೆಯುವ, ಮಣ್ಣು ಹೊರುವ ಕೆಲಸವನ್ನು ಅಲ್ಪ ಕೂಲಿಗೆ ತೆರೆಯುವುದು. ಜನ ಬಾರದಿದ್ದರೆ ಕ್ಷಾಮವಿಲ್ಲ. ಕಿಕ್ಕಿರಿದು ಬಂದರೆ ಕ್ಷಾಮವಿದೆ. ಮನುಷ್ಯನ ಹಸಿವನ್ನೇ ಅಳತೆಗೋಲಾಗಿ ಮಾಡಿಕೊಂಡ ಈ ಪದ್ಧತಿ ಕ್ರೂರವಾದುದು. ದುಡಿಯಲಾರದ ಮುದುಕರೂ ರೋಗಿಗಳೂ ಅದರ ಎಣಿಕೆಗೆ ಸಿಕ್ಕುವವರಲ್ಲ. ಆದರೂ ಒಂದು ಗುಣವನ್ನು ಒಪ್ಪಿಕೊಳ್ಳಬೇಕು: ಅದು ಉತ್ತರ ಕೊಡುತ್ತಿತ್ತು.

ಈ ಶತಮಾನದಲ್ಲಿ ಅಳತೆಗೋಲುಗಳಿಗೆ ಬರವಿಲ್ಲ. ಕರ್ನಾಟಕದಲ್ಲಿ 1988ರಲ್ಲಿಯೇ ಬರವನ್ನು ಗಮನಿಸುವುದಕ್ಕೆಂದು ಪ್ರತ್ಯೇಕ ಕೋಶವೊಂದು ಸ್ಥಾಪಿತವಾಯಿತು. ಅದು ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೂ ಅದರ ಮಳೆಮಾಪಕಗಳು ತಾವಾಗಿಯೇ ವರದಿ ಕಳುಹಿಸುತ್ತವೆ. ಉಪಗ್ರಹಗಳು ಆಕಾಶದಿಂದ ಬೆಳೆಯ ಹಸಿರನ್ನು ಅಳೆಯುತ್ತವೆ. ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚೆಲ್ಲುತ್ತದೆ. ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಸ್ಯಸೂಚ್ಯಂಕ ದೊರೆಯುತ್ತದೆ. ಮಣ್ಣಿನ ತೇವ, ಜಲಾಶಯದ ಮಟ್ಟ, ಅಂತರ್ಜಲ, ಬಿತ್ತನೆಯ ವಿಸ್ತೀರ್ಣ, ಎಲ್ಲಕ್ಕೂ ಒಂದೊಂದು ಸೂಚ್ಯಂಕವುಂಟು. ಇಷ್ಟೆಲ್ಲ ಕೈಯಲ್ಲಿದ್ದ ಮೇಲೆ ತೀರ್ಮಾನ ಸುಲಭವಾಗಬೇಕಿತ್ತಷ್ಟೆ?

ಆದುದು ಬೇರೆ. 2015ರ ಮುಂಗಾರಿನಲ್ಲಿ ದೇಶದ ಮಳೆ ವಾಡಿಕೆಗಿಂತ ನೂರಕ್ಕೆ ಸುಮಾರು 14ರಷ್ಟು ಕಡಮೆಯಾಯಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬರವನ್ನು ಘೋಷಿಸಿದವು. ಬಿಹಾರ, ಹರಿಯಾಣ, ಗುಜರಾತ್ ಹಿಂದುಮುಂದು ನೋಡಿದವು. ಸ್ವರಾಜ್ ಅಭಿಯಾನ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2016ರ ಮೇ 11ರಂದು ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಮತ್ತು ಎನ್. ವಿ. ರಮಣ ಕೊಟ್ಟ ತೀರ್ಪು ವಿಜ್ಞಾನದ ವಿದ್ಯಾರ್ಥಿಗಳೂ ಓದತಕ್ಕದ್ದು. ಒಂದೊಂದು ರಾಜ್ಯವೂ ತನಗೆ ಒಪ್ಪುವ ಮಾನದಂಡವನ್ನು ಆರಿಸಿಕೊಂಡು, ಒಪ್ಪದ್ದನ್ನು ಬಿಟ್ಟುಬಿಡುವ ಬಗೆಯನ್ನು ಅವರು ಬಿಡಿಸಿ ತೋರಿಸಿದರು. ಮರಳಿನಲ್ಲಿ ತಲೆ ಹುದುಗಿಸುವ ಉಷ್ಟ್ರಪಕ್ಷಿಯ ಹೋಲಿಕೆಯೂ ಅಲ್ಲಿ ಬಂದಿತು. ಬರ ನಿರ್ವಹಣೆಯ ಕೈಪಿಡಿಯನ್ನು ಆ ವರ್ಷದ ಕೊನೆಯೊಳಗೆ ತಿದ್ದಬೇಕೆಂದು ಅವರು ಕೇಂದ್ರಕ್ಕೆ ಆದೇಶವಿತ್ತರು. (ಅದೇ ವರ್ಷದ ಆರಂಭದಲ್ಲಿ ಹವಾಮಾನ ಇಲಾಖೆಯು ತನ್ನ ಪರಿಭಾಷೆಯಿಂದ ‘ಬರ’ ಎಂಬ ಪದವನ್ನೇ ಕೈಬಿಟ್ಟು, ‘ಕೊರತೆಯ ವರ್ಷ’ ಎಂಬುದನ್ನು ಆರಿಸಿಕೊಂಡಿತೆಂಬುದನ್ನು ಇಲ್ಲಿ ಸುಮ್ಮನೆ ನೆನೆಯಬಹುದು.)

ಹೊಸ ಕೈಪಿಡಿ 2016ರ ಡಿಸೆಂಬರಿನಲ್ಲಿ ಬಂದಿತು. ಮೊದಲ ಮೆಟ್ಟಿಲು ಮಳೆಯ ಕೊರತೆ ಮತ್ತು ಒಣಹವೆಯ ಅವಧಿ. ಅದನ್ನು ದಾಟಿದರೆ ಪರಿಣಾಮದ ಸೂಚಕಗಳು: ಬಿತ್ತನೆ, ಉಪಗ್ರಹದ ಸಸ್ಯಸೂಚ್ಯಂಕ, ಮಣ್ಣಿನ ತೇವ, ಜಲಸ್ಥಿತಿ. ಈ ನಾಲ್ಕು ಬಗೆಗಳಲ್ಲಿ ಮೂರನ್ನು ಆರಿಸಿಕೊಳ್ಳಬೇಕು. ಮೂರೂ ‘ತೀವ್ರ’ ಎಂದರೆ ಮಾತ್ರ ತೀವ್ರ ಬರ. ಅಲ್ಲಿಂದ ಮುಂದೆ ಹಳ್ಳಿಗಳಲ್ಲಿ ಹತ್ತಕ್ಕೊಂದರಂತೆ ಆರಿಸಿ ಹೊಲಗಳನ್ನು ಕಣ್ಣಾರೆ ನೋಡಬೇಕು. ಓದಿದಾಗ ಎಲ್ಲವೂ ನ್ಯಾಯವಾಗಿಯೇ ತೋರುತ್ತದೆ.

ಈಗ ಸಂಭವನೀಯತೆಯ ಗಣಿತಕ್ಕೆ ಬರೋಣ. ನಿಜವಾಗಿಯೂ ತೀವ್ರ ಬರವಿದ್ದಾಗ ಒಂದು ಸೂಚಕವು ಅದನ್ನು 10ರಲ್ಲಿ 8 ಸಲ ಸರಿಯಾಗಿ ಗುರುತಿಸುತ್ತದೆಂದು ಇಟ್ಟುಕೊಳ್ಳಿ. ಇಂಥ ಮೂರು ಸೂಚಕಗಳು ಒಂದನ್ನೊಂದು ಅವಲಂಬಿಸದೆ ಇದ್ದರೆ, ಮೂರೂ ಒಮ್ಮೆಗೇ ‘ಹೌದು’ ಎನ್ನುವ ಸಂಭವ 0.8 × 0.8 × 0.8, ಎಂದರೆ 0.512. ಹೆಚ್ಚು ಕಡಮೆ ನಾಣ್ಯ ಚಿಮ್ಮಿದಂತೆ! ಸೂಚಕಗಳು ಒಂದೊಂದಾಗಿ ಒಳ್ಳೆಯವೇ. ಎಲ್ಲವೂ ಒಪ್ಪಲೇಬೇಕೆಂಬ ಷರತ್ತು ಅವನ್ನು ಕುರುಡಾಗಿಸುತ್ತದೆ. ‘ಮೂರರಲ್ಲಿ ಎರಡು ಒಪ್ಪಿದರೆ ಸಾಕು’ ಎಂದರೆ ಅದೇ ಸೂಚಕಗಳಿಂದ 0.896 ಸಿಕ್ಕುತ್ತದೆ. ಆದರೆ ಇನ್ನೊಂದು ಪಕ್ಕವೂ ಉಂಟು. ಬರವಿಲ್ಲದಾಗ ಒಂದೊಂದೂ 10ರಲ್ಲಿ 2 ಸಲ ತಪ್ಪಾಗಿ ಕೂಗಿಕೊಳ್ಳುವುದಾದರೆ, ಮೂರೂ ಕೂಡಿ ತಪ್ಪುವ ಸಂಭವ ಬರಿಯ 0.008, ಎರಡಾದರೂ ತಪ್ಪುವ ಸಂಭವ 0.104. ವಾಸ್ತವದಲ್ಲಿ ಸೂಚಕಗಳು ಒಂದಕ್ಕೊಂದು ಅಂಟಿಕೊಂಡೇ ನಡೆಯುವುದರಿಂದ ಅಂಕಿಗಳು ಇಷ್ಟು ತೀಕ್ಷ್ಣವಾಗಿರಲಾರವು; ದಿಕ್ಕು ಮಾತ್ರ ಇದೇ.

ಹಾಗಾದರೆ ಷರತ್ತನ್ನು ಬಿಗಿ ಮಾಡಿದಾಗ ತಪ್ಪು ಕಡಮೆಯಾಗಲಿಲ್ಲ. ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಸರಿಯಿತು. ಬೊಕ್ಕಸ ವೃಥಾ ಕರಗುವ ಭಯ ತಗ್ಗಿತು. ಬರವಿದ್ದೂ ಇಲ್ಲವೆನಿಸಿಕೊಳ್ಳುವ ರೈತನ ಭಯ ಹೆಚ್ಚಿತು. ಇವೆರಡು ತಪ್ಪುಗಳನ್ನು ಬೇರೆ ಬೇರೆಯಾಗಿ ತೂಗಬೇಕೆಂದು ನೈಮನ್ ಮತ್ತು ಪಿಯರ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರು 1933ರಲ್ಲಿಯೇ ತೋರಿಸಿದ್ದರು. ಯಾವ ತಪ್ಪು ಹೆಚ್ಚು ದುಬಾರಿ ಎಂಬುದನ್ನು ಅವರ ಸೂತ್ರ ಹೇಳಲಾರದು. ಅದನ್ನು ಹೇಳಬೇಕಾದವರು ನಾವು. ಸೂಚ್ಯಂಕಗಳ ರಾಶಿಯ ಹಿಂದೆ ಅಡಗಿ ಹೋಗುವುದು ಈ ಮಾತೇ.

ತೊಡಕೆಂದದ್ದೆಲ್ಲ ನೆಪವೆಂದು ಮಾತ್ರ ವಾಚಕರು ಭಾವಿಸಬಾರದು. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆರೋಗ ವ್ಯಾಪಕವಾಗಿ ತಗುಲಿತು. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ನುಗ್ಗಿ ನೀರಿನ ನಾಳಗಳನ್ನು ಮುಚ್ಚಿಬಿಡುತ್ತದೆ; ನೆಲದಲ್ಲಿ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ. ದೂರದಿಂದ ನೋಡಿದವನಿಗೆ ಅದೂ ಬರದಂತೆಯೇ. ಕಾಂಡವನ್ನು ಸೀಳಿ ಒಳಗಿನ ಕಂದು ಗೆರೆಯನ್ನು ಕಂಡಾಗಲೇ ಭೇದ ತಿಳಿಯುವುದು. ಇಂಥಲ್ಲಿ ಇನ್ನೊಂದು ಪರೀಕ್ಷೆ ಬೇಕೆನ್ನುವುದು ಮೈಗಳ್ಳತನವಲ್ಲ, ವಿವೇಕ. ಹೊಸ ಪರೀಕ್ಷೆಯ ಫಲಿತಾಂಶದಿಂದ ತೀರ್ಮಾನ ಬದಲಾಗುವ ಸಂಭವವಿದೆಯೇ ಎಂದು ಕೇಳಿ ನೋಡಿದರೆ ವಿವೇಕವನ್ನು ನೆಪದಿಂದ ಬೇರ್ಪಡಿಸಬಹುದು. ಬದಲಾಗದು ಎಂದಾದರೆ ಆ ಪರೀಕ್ಷೆಯಿಂದ ಲಾಭವಾಗುವುದು ಪಂಚಾಂಗಕ್ಕೆ ಮಾತ್ರ.

ಪಂಚಾಂಗವೆಂದೊಡನೆ ಕಲಬುರಗಿಗೆ ಇನ್ನೊಂದು ಕಷ್ಟ ಉಂಟು. ಕೈಪಿಡಿಯಂತೆ ಮುಂಗಾರಿನ ಬರವನ್ನು ಅಕ್ಟೋಬರ್ 30ರೊಳಗೆ ಘೋಷಿಸಬೇಕು. ಗಡುವು ಇರಬೇಕಾದದ್ದೇ, ಇಲ್ಲದಿದ್ದರೆ ತೀರ್ಮಾನ ಯುಗಾದಿಯವರೆಗೂ ಜಾರೀತು. ಆದರೆ ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ಐದಾರು ತಿಂಗಳ ಬೆಳೆ. ಆಳಕ್ಕೆ ಇಳಿದ ತಾಯಿಬೇರು ಎರೆಯ ಒಡಲಿನ ಕೊನೆಯ ತೇವವನ್ನೂ ಹೀರಿಕೊಂಡು ಎಲೆಯನ್ನು ಹಸಿರಾಗಿಡುತ್ತದೆ. ಅಕ್ಟೋಬರಿನಲ್ಲಿ ಮೇಲಿನಿಂದ ನೋಡಿದ ಉಪಗ್ರಹಕ್ಕೆ ಅದು ಸೊಂಪಾದ ಬೆಳೆಯಾಗಿಯೇ ಕಾಣಬಹುದು. ಹೂ ಕಾಯಾಗಿ, ಕಾಯಿಯಲ್ಲಿ ಕಾಳು ತುಂಬುವ ಹೊತ್ತು ಬಹುಪಾಲು ನವೆಂಬರಿನದು. ತೇವ ತೀರಿ ಹೂ ಉದುರತೊಡಗುವಷ್ಟರಲ್ಲಿ ಕಡತಕ್ಕೆ ಸಹಿ ಬಿದ್ದು ವಾರಗಳು ಕಳೆದಿರುತ್ತವೆ.