ನೋವಿನ ಗುಳಿಗೆ ಮತ್ತು ನಮ್ಮ ಲಿವರ್

ಹಲ್ಲುನೋವು. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಬೆಳಗಾದರೆ ಹೊಲದ ಕೆಲಸ. ಅಂಗಡಿಯಿಂದ ಗುಳಿಗೆ ತಂದು ಎರಡು ನುಂಗ್ತೀವಿ. ನೋವು ಹೋಗಲಿಲ್ಲ. ಗಂಟೆ ಕಳೆಯೋದರೊಳಗೆ ಮತ್ತೆರಡು. ಸಂಜೆವರೆಗೂ ಹೀಗೇ. ಜೊತೆಗೆ ನೆಗಡಿಯ ಗುಳಿಗೆ. ಎಷ್ಟಾಯಿತು? ಲೆಕ್ಕ ಇಟ್ಟವರು ಯಾರು?

ಇಂಥ ಗುಳಿಗೆಗಳಲ್ಲಿ ಹೆಚ್ಚಾಗಿ ಇರುವ ಔಷಧಿ ಪ್ಯಾರಾಸಿಟಮಾಲ್. ಒಳ್ಳೆಯ ಔಷಧಿಯೇ. ಜ್ವರಕ್ಕೂ ಆಗುತ್ತೆ, ನೋವಿಗೂ ಆಗುತ್ತೆ. ಮಿತಿ ಮೀರಿದರೆ ಮಾತ್ರ ಲಿವರಿಗೆ ವಿಷ.

ಲಿವರ್ ಎಲ್ಲಿದೆ? ಬಲಗಡೆ ಪಕ್ಕೆಲುಬಿನ ಮೇಲೆ ಕೈ ಇಡಿ. ಅದರ ಒಳಗಿದೆ. ಕುರಿ ಕೊಯ್ದಾಗ ನೋಡಿರುತ್ತೀರಿ, ಕಂದು ಬಣ್ಣದ ಮೆತ್ತನೆ ಅಂಗ. ಇಟ್ಟಿಗೆ ಸೇರಿ ಗೋಡೆ ಆದ ಹಾಗೆ, ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಕೋಶಗಳು ಸೇರಿ ಲಿವರ್ ಆಗಿದೆ. ನುಂಗಿದ ಔಷಧಿಯನ್ನು ಅರಗಿಸಿ ಹೊರಗೆ ಕಳಿಸೋದು ಈ ಕೋಶಗಳ ಕೆಲಸ.

ಆ ಕೆಲಸ ನಡೆಯುವಾಗ ಸ್ವಲ್ಪ ವಿಷ ಹುಟ್ಟುತ್ತೆ. ಒಲೆಯಿಂದ ಕಿಡಿ ಹಾರಿದ ಹಾಗೆ. ಕೋಶದಲ್ಲೇ ಒಂದು ರಕ್ಷಕ ವಸ್ತು ಇದೆ. ಅದು ಒಲೆಯ ಪಕ್ಕ ಇಟ್ಟ ಕೊಡದ ನೀರಿದ್ದಂತೆ. ಒಂದೆರಡು ಕಿಡಿ ಬಿದ್ದರೆ ನೀರು ಚಿಮುಕಿಸಿ ಆರಿಸಬಹುದು. ಗುಳಿಗೆ ಹೆಚ್ಚಾದರೆ ಕಿಡಿಯೂ ಹೆಚ್ಚು. ಕೊಡ ಬರಿದಾಗುತ್ತೆ. ಆಗ ವಿಷ ಕೋಶಕ್ಕೇ ಅಂಟಿಕೊಂಡು ಅದನ್ನು ಸಾಯಿಸುತ್ತೆ. ಊಟವಿಲ್ಲದೆ ಸೊರಗಿದವರಲ್ಲಿ, ದಿನಾ ಕುಡಿಯುವವರಲ್ಲಿ ಕೊಡದ ನೀರು ಮೊದಲೇ ಕಡಿಮೆ.

ಎಷ್ಟು ನುಂಗಬಹುದು? ಗುಳಿಗೆ ಪಟ್ಟಿಯ ಮೇಲೆ ಔಷಧಿಯ ಹೆಸರು ಇಂಗ್ಲಿಷಿನಲ್ಲಿರುತ್ತೆ. ಅಂಗಡಿಯವರನ್ನು ಕೇಳಿ. ಅಂಕಿಯನ್ನು ನೀವೇ ಓದಬಹುದು. 500 ಎಂದಿದ್ದರೆ ಆರೋಗ್ಯವಂತ ದೊಡ್ಡವರಿಗೆ 24 ಗಂಟೆಗೆ 8 ಗುಳಿಗೆಯೇ ಕೊನೆ. 650 ಎಂದಿದ್ದರೆ 6. ಒಂದು ಸಲಕ್ಕೆ 500ರದ್ದು ಎರಡು, 650ರದ್ದು ಒಂದೇ. ಮಧ್ಯೆ ಕನಿಷ್ಠ 4 ಗಂಟೆ ಬಿಡಬೇಕು, 6 ಗಂಟೆ ಬಿಟ್ಟರೆ ಒಳ್ಳೇದು. ನಿಮ್ಮ ತೂಕ 50 ಕಿಲೋಗಿಂತ ಕಡಿಮೆಯೇ? ಹಾಗಾದರೆ ಇನ್ನೂ ಕಡಿಮೆ ಸಾಕು, ಡಾಕ್ಟರನ್ನು ಕೇಳಿ. ಮಕ್ಕಳ ಲೆಕ್ಕ ಬೇರೆ. ನೆಗಡಿಯ ಗುಳಿಗೆಯಲ್ಲೂ ಇದೇ ಔಷಧಿ ಇರಬಹುದು. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಇದರ ಮೋಸ ಏನು ಗೊತ್ತೇ? ಮೊದಲ ದಿನ ಏನೂ ತಿಳಿಯೋದಿಲ್ಲ. ವಾಕರಿಕೆ, ವಾಂತಿ ಬರಬಹುದು, ಅಷ್ಟೆ. ಎರಡನೇ, ಮೂರನೇ ದಿನ ಬಲ ಪಕ್ಕೆಯಲ್ಲಿ ನೋವು. ಆಮೇಲೆ ಕಣ್ಣು ಹಳದಿ, ಮಂಪರು. ಆಗ ಕಾಮಾಲೆ ಅಂತ ನಾಟಿ ಔಷಧಿಗೆ ಓಡ್ತಾರೆ. ಹೊತ್ತು ಮೀರಿರುತ್ತೆ.

ಬರಿದಾದ ಕೊಡಕ್ಕೆ ನೀರು ತುಂಬುವ ಮದ್ದು ಆಸ್ಪತ್ರೆಯಲ್ಲಿದೆ. ಹೆಸರು ಅಸಿಟೈಲ್‌ಸಿಸ್ಟೀನ್. ನಾಲಿಗೆ ತಿರುಗದ ಹೆಸರು, ಇರಲಿ ಬಿಡಿ. ಗುಳಿಗೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಲಿವರ್ ಬಹುಮಟ್ಟಿಗೆ ಉಳಿಯುತ್ತೆ. ತಡವಾದರೂ ಉಪಯೋಗ ಇದೆ. ಯಾರಾದರೂ ತಿಳಿಯದೆಯೋ ಬೇಸರದಲ್ಲೋ ಬಹಳ ಗುಳಿಗೆ ನುಂಗಿದ್ದರೆ, ಚೆನ್ನಾಗಿಯೇ ಇದ್ದಾರಲ್ಲ ಅಂತ ಕಾಯಬೇಡಿ. ಬೈಯಬೇಡಿ. 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಖಾಲಿ ಪಟ್ಟಿಯನ್ನೂ ತೆಗೆದುಕೊಳ್ಳಿ. ಎಷ್ಟು ಗುಳಿಗೆ, ಎಷ್ಟು ಹೊತ್ತಿಗೆ ನುಂಗಿದ್ದು ಅಂತ ಡಾಕ್ಟರು ಮೊದಲು ಕೇಳ್ತಾರೆ.