ಕಾವಲುಗಾರ ಸುಳ್ಳು ಕೂಗಿದಾಗ

ನಾನು ಬೆಳೆದದ್ದು ರಾಜಾಜಿನಗರದಲ್ಲಿ. ಅಲ್ಲಿ ನಮ್ಮ ಅಡುಗೆಮನೆಗೆ ಒಂದು ಗವಾಕ್ಷಿ ಇತ್ತು. ಹೊಟ್ಟಿನ ಒಲೆಯ ಹೊಗೆ ತನಗೆ ಮನಸ್ಸು ಬಂದಷ್ಟು ಅದರ ಮೂಲಕ ಹೊರಗೆ ಹೋಗುತ್ತಿತ್ತು; ಮಿಕ್ಕದ್ದು ತಾಯಿಯವರ ಕಣ್ಣಿನ ಪಾಲಿಗೆ ಉಳಿಯುತ್ತಿತ್ತು. ಇಂದು ಬಸವೇಶ್ವರನಗರದ ನನ್ನ ಮನೆಯಲ್ಲಿ ಗವಾಕ್ಷಿಯ ಸ್ಥಾನಕ್ಕೆ ವಿದ್ಯುತ್ ಚಿಮಣಿ ಬಂದಿದೆ. ಹೊಗೆಯನ್ನೂ ಒಗ್ಗರಣೆಯ ಘಾಟನ್ನೂ ಹೀರಿ ಹೊರಹಾಕುವುದು ಅದರ ಕೆಲಸ. ಅದರೊಳಗೆ ಇನ್ನೊಂದು ಚಿಕ್ಕ ಸಾಧನವೂ ಇದೆ. ಗಾಳಿಯಲ್ಲಿ ಅಡುಗೆ ಅನಿಲ ಬೆರೆತರೆ ಅದು ಗುರುತಿಸಿ ಕೂಗುತ್ತದೆ. ಶಾಸ್ತ್ರದಲ್ಲಿ ಅದು ಅನಿಲ ಸಂವೇದಕ. ರೂಢಿಯಲ್ಲಿ ಗ್ಯಾಸ್ ಸೆನ್ಸರ್. ಈ ಕಾವಲುಗಾರ ಸುಳ್ಳು ಕೂಗತೊಡಗಿದರೆ ಮನೆಯವರು ಏನು ಮಾಡಬೇಕು ಎಂಬುದೇ ಇಂದಿನ ನನ್ನ ವಿಷಯ. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನಿಗೆ ಇದರಲ್ಲಿ ಏನು ಅಧಿಕಾರ ಎಂದು ನೀವು ಕೇಳಬಹುದು. ತಪ್ಪು ಮಾಡಿದವನ ಅಧಿಕಾರ, ಅಷ್ಟೆ.

ಗೌರಿಹಬ್ಬಕ್ಕೆ ಎರಡು ದಿನವಿತ್ತು. ಮನೆಯಾಕೆ ಚಕ್ಕುಲಿ ಕರಿಯುತ್ತಿದ್ದಾಗ ಚಿಮಣಿ ಕಿರುಚಿತು. ಗಾಬರಿಯಿಂದ ಒಲೆ ಆರಿಸಿ ಕಿಟಕಿ ಬಾಗಿಲು ತೆರೆದೆವು. ಏನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಮತ್ತೆ ಕೂಗಿತು. ಆ ವಾರದಲ್ಲಿ ಐದಾರು ಸಲ ಹೀಗಾಯಿತು. ಮೊದಲ ಸಲ ಓಡಿ ಹೋದೆವು. ಎರಡನೆಯ ಸಲ ನಡೆದು ಹೋದೆವು. ಆಮೇಲೆ ಕುಳಿತಲ್ಲಿಂದಲೇ "ಮತ್ತೆ ಶುರುವಾಯಿತು" ಎಂದೆವು. ದುರಸ್ತಿಗೆ ಬಂದ ಹುಡುಗ ಎರಡು ನಿಮಿಷ ನೋಡಿ, "ಮೇಷ್ಟ್ರೇ, ಇದು ಎಲ್ಲಾ ಮನೇಲೂ ಇರೋದೇ. ಸೆನ್ಸರ್ ವೈರ್ ಕಿತ್ತುಬಿಡ್ತೀನಿ, ತೊಂದರೆ ಇರಲ್ಲ" ಎಂದ. ನಾನು ತಲೆಯಾಡಿಸಿದೆ. ಮನೆ ನಿಶ್ಶಬ್ದವಾಯಿತು.

ಮೂರು ತಿಂಗಳು ಕಳೆದವು. ಒಂದು ಸಂಜೆ ಆರು ವರ್ಷದ ಮೊಮ್ಮಗಳು ಅಡುಗೆಮನೆಯ ನೆಲದಲ್ಲಿ ಕುಳಿತು ಬಳಪದಿಂದ ಚೌಕಾಬಾರದ ಮನೆ ಬರೆಯುತ್ತಿದ್ದಳು. "ಅಜ್ಜಿ, ಇಲ್ಲಿ ಕೆಟ್ಟ ವಾಸನೆ" ಎಂದಳು. ಅಜ್ಜಿ ಕೈಯಲ್ಲಿ ಲೈಟರ್ ಹಿಡಿದು ಒಲೆಯ ಮುಂದೆಯೇ ನಿಂತಿದ್ದರೂ ಆಕೆಗೆ ಏನೂ ತಿಳಿದಿರಲಿಲ್ಲ. 2021ರಲ್ಲಿ ಕೋವಿಡ್ ಬಂದು ಹೋದ ಮೇಲೆ ಆಕೆಯ ಮೂಗಿಗೆ ಹಳೆಯ ಶಕ್ತಿ ಮರಳಿಲ್ಲ. ನನ್ನದು ವಯಸ್ಸಾದ ಮೂಗು. ನಿಂತಾಗ ನನಗೂ ತಿಳಿಯಲಿಲ್ಲ. ಮೊಣಕಾಲೂರಿ ಬಾಗಿದಾಗ ತಿಳಿಯಿತು. ಸಿಲಿಂಡರಿನಿಂದ ಒಲೆಗೆ ಹೋಗುವ ರಬ್ಬರ್ ಕೊಳವೆ ಒಂದೆಡೆ ಬಿರುಕುಬಿಟ್ಟಿತ್ತು. ಅಡುಗೆ ಅನಿಲ ಗಾಳಿಯಲ್ಲಿ ಶೇಕಡ 2ರಿಂದ 9ರಷ್ಟು ಬೆರೆತಾಗ ಒಂದು ಕಿಡಿ ಸಾಕು. ಆ ಲೈಟರ್ ಇನ್ನೊಂದು ಗಳಿಗೆ ಮೊದಲು ಒತ್ತಿದ್ದರೆ ಏನಾಗುತ್ತಿತ್ತೆಂದು ನಾನು ಇಂದಿಗೂ ಪೂರ್ತಿಯಾಗಿ ಯೋಚಿಸಲಾರೆ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನಬಹುದು. ನಾವು ಗುರುತಿಸುವ ದುರ್ನಾತ ಈಥೈಲ್ ಮರ್ಕ್ಯಾಪ್ಟನ್ ಎಂಬ ವಸ್ತುವಿನದು. ಅದನ್ನು ಬೇಕೆಂದೇ ಬೆರೆಸಿರುತ್ತಾರೆ. ಈ ಬುದ್ಧಿ ಜಗತ್ತಿಗೆ ಸುಲಭವಾಗಿ ಬಂದದ್ದಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಸ್ಫೋಟಿಸಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ಕಾನೂನು ಅಲ್ಲಿ ಹುಟ್ಟಿದ್ದು ಆ ಬಳಿಕ.

ಆದರೆ ವಾಸನೆಗೆ ಮೂಗು ಬೇಕು. ಮೂಗು ಸೋತವರಿಗೆ, ನಿದ್ರಿಸುವವರಿಗೆ ಒದಗಿಬಂದದ್ದು ಯಂತ್ರದ ಮೂಗು. ಜಪಾನಿನ ನವೊಯೊಶಿ ತಗುಚಿ 1962ರಲ್ಲಿ ಇದಕ್ಕೆ ಪೇಟೆಂಟು ಕೋರಿದರು. ಅದರ ಜೀವಾಳ ತವರದ ಆಕ್ಸೈಡಿನ ಒಂದು ಚಿಕ್ಕ ತುಣುಕು. ಅದನ್ನು ಪುಟ್ಟ ತಂತಿಯೊಂದು ಸದಾ ಕಾಯಿಸುತ್ತಿರುತ್ತದೆ. ಕಾದ ಮೇಲ್ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಅದರ ಇಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ವಿದ್ಯುತ್ತು ಸರಾಗವಾಗಿ ಹರಿಯದು. ಸೋರಿದ ಅನಿಲ ಆ ಆಮ್ಲಜನಕದೊಡನೆ ಕೂಡಿದೊಡನೆ ಇಲೆಕ್ಟ್ರಾನುಗಳಿಗೆ ಬಿಡುಗಡೆಯಾಗಿ ಹರಿವು ಹೆಚ್ಚುತ್ತದೆ, ಯಂತ್ರ ಕೂಗುತ್ತದೆ. ನಮ್ಮ ಬೆಂಗಳೂರಿನಲ್ಲಿಯೇ ಸಿ.ಎನ್.ಆರ್. ರಾವ್ ಅವರೂ ಅವರ ಸಂಗಡಿಗರೂ ಲೋಹದ ಆಕ್ಸೈಡುಗಳ ಈ ಗುಣವನ್ನು ಕುರಿತು ಸಂಶೋಧನೆ ನಡೆಸಿದ್ದಾರೆ.

ಸುಳ್ಳು ಕೂಗಿನ ಗುಟ್ಟೂ ಇಲ್ಲಿಯೇ ಇದೆ. ಆ ತುಣುಕಿಗೆ ಯಾರ ಹೆಸರೂ ತಿಳಿಯದು. ಆಮ್ಲಜನಕದೊಡನೆ ಕೂಡಬಲ್ಲ ಯಾವ ಆವಿ ಬಂದರೂ ಅದರ ಉತ್ತರ ಒಂದೇ. ಕಾದ ಎಣ್ಣೆಯ ಆವಿ, ಸ್ಯಾನಿಟೈಸರಿನ ಆಲ್ಕೊಹಾಲು, ಸುಗಂಧದ ತುಂತುರು, ಎಲ್ಲಕ್ಕೂ ಅದು ಕೂಗಬಹುದು. ಮಳೆಗಾಲದ ತೇವವೂ ಅದರ ಲೆಕ್ಕ ತಪ್ಪಿಸುತ್ತದೆ. ಬಹುಕಾಲ ವಿದ್ಯುತ್ತಿಲ್ಲದೆ ಇದ್ದು ಆಗತಾನೆ ಚಾಲೂ ಆದಾಗ, ತುಣುಕು ಸರಿಯಾಗಿ ಕಾಯುವವರೆಗೆ, ಅದರ ಮಾತು ನಂಬತಕ್ಕದ್ದಲ್ಲ.

ಕೊಳವೆ ಬದಲಾಯಿಸಿ, ಕಿತ್ತ ವೈರನ್ನು ಮತ್ತೆ ಸೇರಿಸಿದ ಮೇಲೆ ನಾನು ಒಂದು ಟಿಪ್ಪಣಿ ಪುಸ್ತಕ ಇಟ್ಟೆ. ಓಲೆಗರಿಯಲ್ಲಿ ಒಂದು ಪಾಠ ಅರ್ಥಕ್ಕೆ ಹೊಂದದಿದ್ದರೆ ಸಂಪಾದಕನು ಅದನ್ನು ಹೊಡೆದುಹಾಕಬಾರದು, ಆ ತಪ್ಪು ಹೇಗೆ ಬಂತೆಂದು ಹುಡುಕಬೇಕು ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳಿದವನು ನಾನು. ಅಡುಗೆಮನೆಯಲ್ಲಿ ಪಾಠವನ್ನೇ ಹೊಡೆದುಹಾಕಿದ್ದೆ! ಕೂಗಿದ ಹೊತ್ತು, ಆಗ ಒಲೆಯ ಮೇಲಿದ್ದದ್ದು, ಸುತ್ತ ನಡೆಯುತ್ತಿದ್ದದ್ದು, ಎಲ್ಲವನ್ನೂ ಬರೆದೆ. ಹತ್ತು ದಿನದಲ್ಲಿ ಸಂಗತಿ ಬಯಲಾಯಿತು. ಸಂಜೆಯ ಕೂಗು ಕರಿಯುವಾಗಿನದು. ಚಿಮಣಿಯ ಜಾಲರಿಯಲ್ಲಿ ಜಿಡ್ಡು ಕಟ್ಟಿ ಆವಿ ಹೊರಗೆ ಹೋಗದೆ ಅಲ್ಲಿಯೇ ಸುತ್ತುತ್ತಿತ್ತು. ಬೆಳಗಿನ ಕೂಗು ಕೆಲಸದಾಕೆ ಚಿಮಣಿಯ ಗಾಜಿಗೆ ದ್ರಾವಣ ಚಿಮುಕಿಸಿ ಒರೆಸುವ ಹೊತ್ತಿನದು. ಜಾಲರಿಯನ್ನು ಬಿಸಿನೀರಿನಲ್ಲಿ ತೊಳೆದು, ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದ ಮೇಲೆ ಕೂಗು ನಿಂತಿತು.

ಇಷ್ಟರಿಂದ ನಾನು ಕಲಿತ ಕ್ರಮವನ್ನು ಹೇಳುತ್ತೇನೆ. ಕೂಗು ಕೇಳಿದೊಡನೆ, ನೂರನೆಯ ಸಲವಾದರೂ, ಅದು ನಿಜವೆಂದೇ ತಿಳಿಯಬೇಕು. ಉರಿ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಬೇಕು. ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಹಾಕುವುದೂ ಬೇಡ, ಆರಿಸುವುದೂ ಬೇಡ, ಚಿಮಣಿಯದೂ ಸೇರಿ. ವಾಸನೆ ಇದ್ದರೆ ಹೊರಗೆ ಹೋಗಿ 1906 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಅಪಾಯವಿಲ್ಲವೆಂದು ಖಚಿತವಾದ ಮೇಲೆ ಕೊಳವೆಗೂ ಸಂದುಗಳಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದೇ ನೋಡಬೇಕು, ಬೆಂಕಿಕಡ್ಡಿಯಿಂದ ಪರೀಕ್ಷಿಸಲೇಬಾರದು. ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಸೋರಿಕೆ ಇಲ್ಲವೆಂದಾದರೆ ಆಗ ಟಿಪ್ಪಣಿ ಪುಸ್ತಕದ ಸರದಿ. ಹೊತ್ತುಗೊತ್ತಿಲ್ಲದೆ ಕೂಗಿದರೆ, ಅಥವಾ ದೋಷದ ದೀಪ ಆರದೆ ಉರಿದರೆ, ಕಾಯಿಸುವ ತಂತಿ ತುಂಡಾಗಿರಬಹುದು, ಜೋಡಣೆ ಸಡಿಲವಾಗಿರಬಹುದು; ಅದು ಬಲ್ಲವನ ಕೆಲಸ. ಆಯುಸ್ಸು ಮುಗಿದ ಸಂವೇದಕವನ್ನು ಬದಲಾಯಿಸಬೇಕು, ಕೀಳಬಾರದು. ಎಂದೂ ಕೂಗದ ಸಂವೇದಕವನ್ನೂ ನಂಬಬೇಡಿ. ಜಿಡ್ಡು ಮುಚ್ಚಿ, ಸಿಲಿಕೋನ್ ಆವಿ ತಾಕಿ ಅದು ಸತ್ತಿರಬಹುದು. ಪರೀಕ್ಷೆಯ ಗುಂಡಿ ಒತ್ತಿದಾಗ ಬರುವ ಸದ್ದು ಗಂಟಲು ಸರಿಯಿದೆ ಎನ್ನುತ್ತದೆ. ಮೂಗಿನ ಮಾತು ಬೇರೆ.

ಇನ್ನೊಂದು ಸಂಗತಿ ಮೊಮ್ಮಗಳಿಂದ ತಿಳಿದದ್ದು. ನಮಗೆ ತಿಳಿಯದ ವಾಸನೆ ಅವಳಿಗೇಕೆ ತಿಳಿಯಿತು? ಎಳೆಯ ಮೂಗು ಎಂಬುದು ಅರ್ಧ ಉತ್ತರ. ಸಿಲಿಂಡರಿನ ಅನಿಲ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೀರಿನಂತೆ ಕೆಳಗಿಳಿದು ನೆಲದಲ್ಲಿ ಹರಡುತ್ತದೆ. ಅವಳು ಅದರೊಳಗೇ ಕುಳಿತಿದ್ದಳು. ಒಲೆಗಿಂತ ಮೇಲಿರುವ ಚಿಮಣಿಯ ಸಂವೇದಕವು, ವೈರು ಕೀಳದೆ ಇದ್ದಿದ್ದರೂ, ಆ ಹೊತ್ತಿಗೆ ಕೂಗುತ್ತಿತ್ತೆಂದು ನಾನು ಹೇಳಲಾರೆ. ಸಿಲಿಂಡರ್ ಇರುವ ಮನೆಯಲ್ಲಿ ನೆಲದಿಂದ ಒಂದು ಅಡಿಯೊಳಗೆ ಬೇರೆಯೇ ಒಂದು ಸಂವೇದಕ ಇರಬೇಕು. ಬೆಂಗಳೂರಿನ ಹಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ಬರುತ್ತಿರುವ ನೈಸರ್ಗಿಕ ಅನಿಲದ ಸ್ವಭಾವವೇ ಬೇರೆ. ಅದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಸೋರಿದರೆ ಸೂರಿಗೆ ಏರುತ್ತದೆ. ಅಲ್ಲಿ ಕಾವಲು ಸೂರಿನ ಬಳಿ ಇರಬೇಕು. ಒಲೆಯ ಅನಿಲ ಬದಲಾದ ದಿನ ಸಂವೇದಕದ ಜಾಗವೂ ಬದಲಾಗಬೇಕು.

ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಗೇಣೆತ್ತರದಲ್ಲಿ, ಅಂಗೈಯಗಲದ ಪೆಟ್ಟಿಗೆಯೊಂದು ಹಸಿರು ದೀಪ ಹೊತ್ತು ಕುಳಿತಿದೆ. ಬಂದ ನೆಂಟರು ಇಷ್ಟು ಕೆಳಗೆ ಏಕೆ ಜಡಿದಿರಿ ಎಂದು ಕೇಳುತ್ತಾರೆ. ಮೊಮ್ಮಗಳು ಅದರ ಪಕ್ಕದಲ್ಲಿ ಕುಳಿತು, ತನ್ನ ಮೂಗನ್ನು ಅದಕ್ಕೆ ಸರಿಸಮನಾಗಿ ಹಿಡಿದು ತೋರಿಸುತ್ತಾಳೆ.

(ಬಾನುಲಿ ಭಾಷಣ)